ಬಸುರಿ ಯಾವ ಗಾಡಿಯಲ್ಲಿ ಹೋಗಬೇಕು?

ಎಂಟು ತಿಂಗಳ ಗಬ್ಬದ ಹಸುವನ್ನು ಟೆಂಪೋಗೆ ಹತ್ತಿಸಿ ಸಂತೆಗೆ ಕಳಿಸಲು ನಮ್ಮ ಕಡೆ ಯಾವ ರೈತನೂ ಸುಲಭಕ್ಕೆ ಒಪ್ಪುವುದಿಲ್ಲ. ಒಪ್ಪಿದರೂ ಕೆಳಗೆ ಹುಲ್ಲು ಹಾಸು, ನಿಧಾನಕ್ಕೆ ಓಡಿಸು ಎಂದು ಹತ್ತು ಸಲ ಹೇಳುತ್ತಾನೆ. ಜಾನುವಾರುಗಳನ್ನು ನಡೆಸಿಕೊಂಡು ಹೋಗುವುದಕ್ಕೆ ಕೇಂದ್ರ ಸರ್ಕಾರ 2001ರಲ್ಲಿ ಮಾಡಿದ ನಿಯಮದಲ್ಲೂ, ದಾರಿಯಲ್ಲಿ ಈಯುವ ಸಂಭವ ಇರುವ ಪ್ರಾಣಿಯನ್ನು ನಡೆಸಿಕೊಂಡು ಹೋಗಬಾರದು ಎಂದಿದೆ. ಹಸುವಿನ ವಿಷಯದಲ್ಲಿ ಇಷ್ಟು ಜೋಪಾನ ಇದ್ದ ಮೇಲೆ, ಮನೆಯ ಸೊಸೆಯೋ ಮಗಳೋ ನಮ್ಮ ಹೊಲಕ್ಕೆ ಹೂ ಕೀಳಲು ಬರುವ ಹೆಂಗಸೋ ಬಸುರಿಯಾದರೆ ಅವಳು ದಿನಾ ಯಾವುದರಲ್ಲಿ ಹೋಗಿ ಬರುತ್ತಾಳೆ ಎಂಬ ಮಾತು ನಮ್ಮ ಪಡಸಾಲೆಗಳಲ್ಲಿ ಏಕೆ ಬರುವುದಿಲ್ಲ?

ಹೆರಿಗೆ ದಿನದ ಮಾತು ಬರುತ್ತದೆ, ಇಲ್ಲ ಅನ್ನುವುದಿಲ್ಲ. 2008ರ ನವೆಂಬರ್ 1ರಂದು ನಮ್ಮ ರಾಜ್ಯದಲ್ಲಿ 108 ಗಾಡಿ ಶುರುವಾದ ಮೇಲಂತೂ ಆ ಒಂದು ದಿನದ ಬಗ್ಗೆ ಎಲ್ಲರಿಗೂ ತಿಳಿವಳಿಕೆ ಬಂದಿದೆ. ಫೋನಿನಲ್ಲಿ ನಂಬರು, ಕೈಯಲ್ಲಿ ತಾಯಿ ಕಾರ್ಡು, ಮೂಲೆಯಲ್ಲಿ ಬಟ್ಟೆ ಗಂಟು ಎಲ್ಲ ತಯಾರಿರುತ್ತದೆ. ಬಾಣಂತಿಯನ್ನು ಮನೆಗೆ ತಂದು ಬಿಡಲು ನಗು–ಮಗು ಗಾಡಿಯೂ ಇದೆ. ಆದರೆ ಲೆಕ್ಕ ಹಾಕಿ ನೋಡಿ. ತಿಂಗಳಿಗೆ 26 ದಿನ ಕೆಲಸಕ್ಕೆ ಹೋಗುವ ಹೆಂಗಸು ಎಂಟು ತಿಂಗಳವರೆಗೆ ದುಡಿದರೆ 208 ದಿನ. ಹೋಗುವುದು ಬರುವುದು ಸೇರಿ 416 ಸಲ ರಸ್ತೆ ಮೇಲೆ. ಹೆರಿಗೆಗೆ ಹೋಗುವುದು ಒಂದು ಸಲ. ಆ ಒಂದಕ್ಕೆ ಇರುವ ಏರ್ಪಾಡು ಈ ನಾನೂರ ಹದಿನಾರಕ್ಕೆ ಇಲ್ಲ.

ನಾನು ತೆರಕಣಾಂಬಿ ಕಡೆಯ ಒಂದು ಹುಂಡಿಯವಳು. ಮೂರು ಎಕರೆ ಜಮೀನು. ಅರಿಶಿನ, ಚೆಂಡು ಹೂ, ಸಾಂಬಾರ ಈರುಳ್ಳಿ, ಮಿಕ್ಕಿದ್ದರಲ್ಲಿ ರಾಗಿ, ಹುರುಳಿ. ನನ್ನ ಸೊಸೆ ಚಾಮರಾಜನಗರದಲ್ಲಿ ಒಂದು ಖಾಸಗಿ ಕಚೇರಿಯಲ್ಲಿ ಲೆಕ್ಕ ಬರೆಯುತ್ತಾಳೆ. ಈಗ ಅವಳಿಗೆ ಏಳನೇ ತಿಂಗಳು. ಹಾಗಾಗಿ ಈ ವಿಷಯ ನನ್ನ ತಲೆಯಲ್ಲಿ ದಿನಾ ಬೆಳಿಗ್ಗೆ ಎಂಟು ಗಂಟೆಗೆ ಬಂದು ಕೂರುತ್ತದೆ. ಆಸ್ಪತ್ರೆಯ ಡಾಕ್ಟರಮ್ಮನ ಹತ್ತಿರ, ಆಶಾ ಕಾರ್ಯಕರ್ತೆ ಹತ್ತಿರ, ಕಂಡಕ್ಟರ್ ಹತ್ತಿರ, ಆಟೋದವರ ಹತ್ತಿರ ಕೇಳಿ ತಿಳಿದದ್ದನ್ನೂ ನನಗೆ ಅನ್ನಿಸಿದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಬೈಕಿನ ವಿಷಯ. ನಮ್ಮ ಹುಂಡಿಗಳಲ್ಲಿ ಬಸುರಿಯ ಓಡಾಟ ಹೆಚ್ಚಾಗಿ ಬೈಕಿನ ಹಿಂದಿನ ಸೀಟಿನಲ್ಲೇ. ಹುಂಡಿಯಿಂದ ಮೇನ್ ರೋಡಿಗೆ ಎರಡು ಮೂರು ಕಿಲೋಮೀಟರ್, ಬೇರೆ ಏನೂ ಸಿಗುವುದಿಲ್ಲ. ಗುಂಡಿಗೆ ಬಿದ್ದು ಕುಲುಕಿದರೆ ಹೊಟ್ಟೆ ಇಳಿದುಹೋಗುತ್ತದೆ ಎಂಬ ಹೆದರಿಕೆ ಹಳೆಯದು. ಡಾಕ್ಟರಮ್ಮ ಹೇಳಿದ್ದು ಬೇರೆ. ಆರೋಗ್ಯವಾಗಿರುವ ಬಸುರಿಗೆ ಒಂದೆರಡು ಗುಂಡಿಯ ಕುಲುಕಾಟದಿಂದ ಗರ್ಭ ಇಳಿಯುವುದಿಲ್ಲ. ಮಗು ನೀರಿನ ಚೀಲದೊಳಗೆ ಇರುತ್ತದೆ, ಮೊದಲ ಮೂರು ತಿಂಗಳು ಗರ್ಭಕೋಶ ಸೊಂಟದ ಮೂಳೆಯ ಮರೆಯಲ್ಲೇ ಇರುತ್ತದೆ. ಹೆದರಬೇಕಾದ್ದು ಕುಲುಕಿಗಲ್ಲ, ಬೀಳುವುದಕ್ಕೆ. ತಿಂಗಳು ತುಂಬುತ್ತಾ ಬಂದಂತೆ ಹೊಟ್ಟೆ ಮುಂದಕ್ಕೆ ಬಂದು ಮೈಯ ತೂಕದ ನೆಲೆಯೇ ಬದಲಾಗುತ್ತದೆ. ಮೊದಲು ಸಲೀಸಾಗಿ ಕೂರುತ್ತಿದ್ದವಳು ಈಗ ಸಣ್ಣ ಹಂಪಿಗೂ ವಾಲುತ್ತಾಳೆ. ಸ್ವಂತ ಸ್ಕೂಟರ್ ಓಡಿಸುವ ಅಂಗನವಾಡಿ ಟೀಚರುಗಳಿಗೂ ಇದೇ ಮಾತು.

ಬೀಳುವುದಕ್ಕೆ ಕಾರಣ ನಮ್ಮ ಕಡೆ ಕೈಬೆರಳಲ್ಲಿ ಎಣಿಸುವಷ್ಟು. ಒಂದೇ ಪಕ್ಕಕ್ಕೆ ಕಾಲು ಇಳಿಬಿಟ್ಟು ಕೂರುವುದು. ಸೆರಗು ಚಕ್ರಕ್ಕೆ ಸಿಕ್ಕುವುದು. ಬಣ್ಣ ಬಳಿಯದ ಹಂಪು. ಕರಿಕಲ್ಲಿನ ಲಾರಿಗಳು ಅಗೆದು ಹಾಕಿದ ರಸ್ತೆ ಅಂಚು. ಮುಂದೆ ಪೆಟ್ರೋಲ್ ಟ್ಯಾಂಕಿನ ಮೇಲೆ ಹಾಲಿನ ಕ್ಯಾನು, ನಡುವೆ ದೊಡ್ಡ ಮಗು, ಹಿಂದೆ ಬಸುರಿ, ಅವಳ ತೊಡೆ ಮೇಲೆ ಟೊಮೇಟೊ ಚೀಲ! ಇದನ್ನು ನೀವೂ ನೋಡಿರುತ್ತೀರಿ. ಹಿಂದಿನ ಚಕ್ರದ ಅರ್ಧದಷ್ಟನ್ನಾದರೂ ಮುಚ್ಚುವ ತಡೆ, ಹಿಂದೆ ಕೂತವರಿಗೆ ಹಿಡಿದುಕೊಳ್ಳಲು ಹಿಡಿ, ಕಾಲಿಡಲು ಫುಟ್‌ರೆಸ್ಟ್ ಇರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮದಲ್ಲೇ ಇದೆ. ನಾವು ಸೀರೆ ಗಾರ್ಡ್ ಎನ್ನುವುದು ಇದನ್ನೇ. ಹುಡುಗರು ಬೈಕ್ ತಂದ ವಾರಕ್ಕೆ 'ಲುಕ್ ಕೆಡ್ತದ' ಅಂತ ಅದನ್ನೇ ಮೊದಲು ಬಿಚ್ಚಿ ಎಸೆಯುತ್ತಾರೆ. ಹಿಂದೆ ಕೂರುವವರಿಗೂ ಹೆಲ್ಮೆಟ್ ಎಂದು ನಮ್ಮ ಸರ್ಕಾರ 2016ರ ಜನವರಿಯಲ್ಲಿ ಕಡ್ಡಾಯ ಮಾಡಿತು. ಹುಂಡಿಯಲ್ಲಿ ಅದನ್ನು ಪೊಲೀಸರ ಭಯಕ್ಕೆ ಮಾತ್ರ ಹಾಕುತ್ತೇವೆ, ಅದೂ ಗುಂಡ್ಲುಪೇಟೆ ಸರ್ಕಲ್ ಹತ್ತಿರ ಬಂದಾಗ.

ಬೈಕೇ ಬೇಡ ಎಂದು ನಾನು ಹೇಳುವುದಿಲ್ಲ. ಹೇಳಿದರೆ ಯಾರೂ ಕೇಳುವುದೂ ಇಲ್ಲ, ಬೇರೆ ಗಾಡಿಯೂ ಇಲ್ಲ. ಮೇನ್ ರೋಡಿನವರೆಗೆ ಬೈಕು, ಆಮೇಲೆ ಬಸ್ಸು ಎಂದಿಟ್ಟುಕೊಳ್ಳಿ. ಚೂಡಿದಾರ ಹಾಕಿ ಎರಡೂ ಕಡೆ ಕಾಲು ಹಾಕಿ ಕೂರಲಿ. ಅತ್ತೆ ಮಾವ ಎದುರಿಗೆ ಹಾಗೆ ಕೂರಬಾರದು ಎನ್ನುವ ಮನೆಗಳು ಈಗಲೂ ಇವೆ. ಅಂಥ ಅತ್ತೆಯರಿಗೆ ನಾನೂ ಒಬ್ಬ ಅತ್ತೆಯಾಗಿ ಹೇಳುತ್ತೇನೆ, ಸೊಸೆ ಕೂರುವ ಚಂದ ನೋಡಬೇಡಿ, ಹಿಡಿ ಗಟ್ಟಿ ಇದೆಯೋ ನೋಡಿ. ಓಡಿಸುವವನ ವೇಗ ಸೈಕಲ್ಲಿಗಿಂತ ಸ್ವಲ್ಪ ಜಾಸ್ತಿ ಇದ್ದರೆ ಸಾಕು. ಬೇರೆ ಹೊರೆ ಏನೂ ಬೇಡ. ಕತ್ತಲಾದ ಮೇಲೆ ಬೇಡ. ನಮ್ಮ ಕಾಡಂಚಿನ ಊರುಗಳಲ್ಲಿ ಹಂದಿ ಅಡ್ಡ ಬಂದರೆ ಗಟ್ಟಿಮುಟ್ಟಾದ ಗಂಡಸೇ ಬೀಳುತ್ತಾನೆ.

ಒಂದು ವೇಳೆ ಬಿದ್ದರೆ? ಇದನ್ನು ಎಲ್ಲರೂ ತಿಳಿದಿರಬೇಕು. ಮಂಡಿ ತರಚಿದೆ, ಹೊಟ್ಟೆಗೆ ಏನೂ ಆಗಿಲ್ಲ ಎಂದು ಅರಿಶಿನ ಮೆತ್ತಿ ಮಲಗಿಸಬಾರದು. ಹೊಟ್ಟೆಗೆ ಪೆಟ್ಟಾದರೆ ಮಾಸು ಗರ್ಭಕೋಶದ ಗೋಡೆಯಿಂದ ಬಿಟ್ಟುಕೊಳ್ಳಬಹುದು. ಅದು ಹೊರಗೆ ಕಾಣುವುದಿಲ್ಲ, ಕೆಲವು ಸಲ ಗಂಟೆಗಳು ಕಳೆದ ಮೇಲೆ ಗೊತ್ತಾಗುತ್ತದೆ. ಅದಕ್ಕೇ ಬಿದ್ದ ದಿನವೇ ಆಸ್ಪತ್ರೆಗೆ ಹೋಗಿ ಮಗುವಿನ ಎದೆಬಡಿತ ನೋಡಿಸಬೇಕು. ತಾಯಿ ಕಾರ್ಡಿನಲ್ಲಿ ರಕ್ತದ ಗುಂಪು ಬರೆದಿರುತ್ತಾರೆ. ಅದು ನೆಗೆಟಿವ್ ಆಗಿದ್ದರೆ ಡಾಕ್ಟರಿಗೆ ಆ ಮಾತನ್ನು ಮೊದಲು ಹೇಳಿ. ಆಂಟಿ–ಡಿ ಎಂಬ ಚುಚ್ಚುಮದ್ದು ಬೇಕಾಗಬಹುದು, ಅದನ್ನು 72 ಗಂಟೆಯೊಳಗೆ ಕೊಡಬೇಕು. ರಕ್ತ ಕಾಣುವುದು, ನೀರು ಹೋಗುವುದು, ಹೊಟ್ಟೆ ಕಲ್ಲಿನಂತೆ ಬಿಗಿಯುವುದು, ಮಗುವಿನ ಒದೆತ ಕಡಿಮೆಯಾಗುವುದು, ತಲೆ ಸಿಡಿದು ಕಣ್ಣು ಮಂಜಾಗುವುದು – ಇವು ಬೀಳದೆ ಬಂದರೂ ಕಾಯುವ ವಿಷಯವಲ್ಲ. ಮಾಸು ಕೆಳಗಿದೆ, ಅವಳಿ ಇದೆ, ಹಿಂದಿನ ಹೆರಿಗೆ ದಿನಕ್ಕೆ ಮುಂಚೆ ಆಗಿತ್ತು ಎಂದು ಡಾಕ್ಟರು ಓಡಾಟ ಕಮ್ಮಿ ಮಾಡಲು ಹೇಳಿದವರಿಗೆ ಈ ಲೇಖನದ ಮಾತು ಅನ್ವಯಿಸುವುದಿಲ್ಲ. ಅವರು ಡಾಕ್ಟರ ಮಾತು ಕೇಳಬೇಕು.

ಇನ್ನು ಬಸ್ಸು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾಯಿತು. ನನ್ನಂಥವರಿಗೆ ಇದು ದೊಡ್ಡ ಉಪಕಾರ. ಕೂಲಿ ಹೆಂಗಸು ಬಸುರಿಯಾದಾಗ ತಪಾಸಣೆಗೆ ಹೋಗಲು ಗಂಡನ ಜೇಬು ನೋಡಬೇಕಾಗಿಲ್ಲ. ಇದನ್ನು ಬಯ್ಯುವವರ ಜೊತೆ ನಾನಿಲ್ಲ. ಆದರೆ ಟಿಕೆಟ್ಟು ಸಿಕ್ಕಿತು, ಸೀಟು ಸಿಗಲಿಲ್ಲ. ಗುಂಡ್ಲುಪೇಟೆ–ಚಾಮರಾಜನಗರ ಮಧ್ಯೆ ಮೂವತ್ತೈದು ಕಿಲೋಮೀಟರ್ ಆಸುಪಾಸು. ಬೆಳಿಗ್ಗೆ ಎಂಟೂವರೆ ಬಸ್ಸಿಗೆ ಕಾಲೇಜು ಮಕ್ಕಳು, ಕಚೇರಿಯವರು, ಆಸ್ಪತ್ರೆಗೆ ಹೋಗುವವರು, ಕೋರ್ಟಿಗೆ ಹೋಗುವವರು ಎಲ್ಲರೂ. ಗುಂಡ್ಲುಪೇಟೆಯಲ್ಲೇ ತುಂಬಿ ಬರುವ ಬಸ್ಸಿಗೆ ನಡುದಾರಿಯಲ್ಲಿ ಕೈ ಒಡ್ಡುವ ಬಸುರಿ ನಿಂತುಕೊಂಡೇ ಹೋಗಬೇಕು. ಮೂರು ನಾಲ್ಕು ತಿಂಗಳವರೆಗೆ ಇನ್ನೊಂದು ಕಷ್ಟ, ಹೊಟ್ಟೆ ಕಾಣುವುದಿಲ್ಲ. ವಾಂತಿ, ತಲೆಸುತ್ತು ಜಾಸ್ತಿ ಇರುವುದು ಆಗಲೇ, ಸೀಟು ಬಿಟ್ಟುಕೊಡುವವರು ಯಾರೂ ಇಲ್ಲದಿರುವುದೂ ಆಗಲೇ. ಬಾಯಿಬಿಟ್ಟು ಕೇಳಲು ಹುಡುಗಿಗೆ ನಾಚಿಕೆ. ನಮ್ಮವಳು ಕಿಟಕಿ ಪಕ್ಕ ಜಾಗ ಸಿಕ್ಕ ದಿನ ಒಂದು ಹಿಡಿ ಕಡ್ಲೆಪುರಿ ಬಾಯಿಗೆ ಹಾಕಿಕೊಂಡು ಹೇಗೋ ಊರು ಸೇರುತ್ತಿದ್ದಳು. ನಿಂತ ದಿನ ಸಂಜೆ ಅವಳ ಮುಖ ನೋಡಲಾಗುತ್ತಿರಲಿಲ್ಲ.

ಬಸ್ಸಿನಲ್ಲಿ ಎಲ್ಲ ಸೀಟೂ ಒಂದೇ ಅಲ್ಲ. ಹಿಂದಿನ ಚಕ್ರದ ಮೇಲಿನದು, ಅದಕ್ಕೂ ಹಿಂದಿನದು ಎತ್ತಿ ಒಗೆಯುತ್ತದೆ. ಎರಡು ಚಕ್ರಗಳ ನಡುವಿನ ಸೀಟು ಮೇಲು. ಹತ್ತುವಾಗ ಇಳಿಯುವಾಗ ಮೆಟ್ಟಿಲು ಎತ್ತರ, ಡ್ರೈವರ್ ಪೂರ್ತಿ ನಿಲ್ಲಿಸುವವರೆಗೆ ಕಾಲು ಇಡಬಾರದು. ಕಂಡಕ್ಟರಿಗೆ ಒಂದು ಮಾತು 'ಅಣ್ಣ, ಬಸುರಿ ಅವ್ಳೆ' ಅಂತ ಜೊತೆಯವರಾದರೂ ಹೇಳಬೇಕು. ಒಬ್ಬರು ಕಂಡಕ್ಟರ್ ನನಗೆ ಹೇಳಿದರು, 'ಹೇಳಿದ್ರೆ ಎಬ್ಬಿಸಿ ಕೂರಿಸ್ತೀವಿ ಕಣವ್ವ. ಹೇಳ್ದೆ ಇದ್ರೆ ಈ ಜನದಲ್ಲಿ ನಾವು ಯಾರ್ ಮುಖ ನೋಡಾನ?' ಅದೂ ನ್ಯಾಯವೇ.

ಬಸ್ಸಿಗಿಂತ ರೈಲು ಒಳ್ಳೆಯದು. ಚಾಮರಾಜನಗರದಿಂದ ನಂಜನಗೂಡಿನ ಮೇಲೆ ಮೈಸೂರಿಗೆ ರೈಲಿದೆ. ಸುಮಾರು 60 ಕಿಲೋಮೀಟರ್. ಎದ್ದು ಓಡಾಡಬಹುದು, ಶೌಚಾಲಯ ಇದೆ, ಎತ್ತಿ ಒಗೆಯುವುದಿಲ್ಲ. ಚೆಲುವಾಂಬ ಆಸ್ಪತ್ರೆಗೆಂದು ಮೈಸೂರಿಗೆ ಹೋಗುವವರು ಪುರುಸೊತ್ತಿದ್ದರೆ ಬಸ್ಸು ಬಿಟ್ಟು ರೈಲು ಹತ್ತುವುದು ಮೇಲು. ಗುಂಡ್ಲುಪೇಟೆಯವರಿಗೆ ಆ ಭಾಗ್ಯ ಇಲ್ಲ, ನಮ್ಮ ತಾಲ್ಲೂಕಿನ ಪೇಟೆಗೆ ರೈಲೇ ಬಂದಿಲ್ಲ. ಕಾರಿನಲ್ಲಿ ಹೋಗುವವರು ಬೆಲ್ಟು ಹಾಕುವುದೇ ಇಲ್ಲ, ಹೊಟ್ಟೆ ಒತ್ತುತ್ತದೆ ಎಂದು. ಬೆಲ್ಟಿನ ಕೆಳಪಟ್ಟಿ ಹೊಟ್ಟೆಯ ಕೆಳಗೆ, ತೊಡೆಯ ಮೇಲ್ಭಾಗಕ್ಕೆ ಬರಬೇಕು. ಮೇಲಿನ ಪಟ್ಟಿ ಎರಡು ಎದೆಯ ನಡುವೆ ಹಾದು ಹೊಟ್ಟೆಯ ಪಕ್ಕಕ್ಕೆ ಬರಬೇಕು. ಹಾಗೆ ಹಾಕಿದರೆ ತಾಯಿಗೂ ಮಗುವಿಗೂ ಕಾವಲು.

ಈಗ ಯಾರೂ ಮಾತಾಡದ ವಿಷಯಕ್ಕೆ ಬರುತ್ತೇನೆ. ಅದು ನೀರು.

ಬೇಸಿಗೆಯಲ್ಲಿ ಒಂದು ದಿನ ಸೊಸೆಯ ಬ್ಯಾಗಿನಿಂದ ನೀರಿನ ಬಾಟಲಿ ತೆಗೆದೆ. ಬೆಳಿಗ್ಗೆ ನಾನು ತುಂಬಿದ್ದು ಹಾಗೇ ತುಂಬಿದಂತಿತ್ತು. ಯಾಕೆ ಎಂದೆ. 'ನೀರು ಕುಡುದ್ರೆ ದಾರೀಲಿ ಎಲ್ಲಿಗ್ ಹೋಗ್ಲಿ ಅತ್ತೆ?' ಅಂದಳು. ಬಸುರಿಗೆ ಮೂತ್ರಕ್ಕೆ ಪದೇ ಪದೇ ಹೋಗಬೇಕಾಗುತ್ತದೆ, ಬೆಳೆಯುವ ಗರ್ಭ ಮೂತ್ರಕೋಶವನ್ನು ಒತ್ತುತ್ತದೆ. ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನಲ್ಲಿ, ಚಾಮರಾಜನಗರದ ಬಸ್ ಸ್ಟ್ಯಾಂಡಿನಲ್ಲಿ ಶೌಚಾಲಯ ಇದೆ. ನಡುವಿನ ಯಾವ ಹುಂಡಿ ಗೇಟಿನಲ್ಲಿದೆ? ತಂಗುದಾಣಕ್ಕೆ ನಾಲ್ಕು ಕಂಬ, ಒಂದು ಶೀಟು, ಕಟ್ಟಿಸಿದವರ ಹೆಸರು ಇಷ್ಟೇ. ಗಂಡಸರು ಬೇಲಿ ಪಕ್ಕ ತಿರುಗಿ ನಿಲ್ಲುತ್ತಾರೆ. ಹೆಂಗಸು ಬೆಳಿಗ್ಗೆ ಏಳಕ್ಕೆ ಮನೆ ಬಿಟ್ಟರೆ ಹತ್ತು ಗಂಟೆಯವರೆಗೆ ತಡೆದುಕೊಳ್ಳುತ್ತಾಳೆ. ತಡೆದುಕೊಳ್ಳಲು ಆಗುವುದಿಲ್ಲವೆಂದು ಕುಡಿಯುವುದನ್ನೇ ಬಿಡುತ್ತಾಳೆ. ಇದರಿಂದ ಉರಿಮೂತ್ರ ಶುರುವಾಗುತ್ತದೆ. ಬಸುರಿಯ ಉರಿಮೂತ್ರ ಅಂಥ ಸಣ್ಣ ಕಾಯಿಲೆಯಲ್ಲ. ಮದ್ದು ಮಾಡದೆ ಬಿಟ್ಟರೆ ಸೋಂಕು ಮೂತ್ರಪಿಂಡಕ್ಕೆ ಏರಿ ಜ್ವರ ಬಂದು, ದಿನಕ್ಕೆ ಮುಂಚೆ ಹೆರಿಗೆ ನೋವು ಬರುವುದುಂಟು. ರಸ್ತೆ ಗುಂಡಿಗೆ ಹೆದರುವ ನಾವು ಇದಕ್ಕೆ ಹೆದರುವುದಿಲ್ಲ.

ಹೊಲದಲ್ಲಿ ಕೆಲಸ ಮಾಡುವವರ ಪಾಡೂ ಇದೇ. ಹೂ ಕೀಳುವ ಹೊಲ ಬಯಲು. ಬದುವಿನಲ್ಲಿ ನಾಲ್ಕು ಗೂಟ ನೆಟ್ಟು ಹಳೆಯ ಸೀರೆಯೋ ಗೊಬ್ಬರದ ಚೀಲವೋ ಸುತ್ತ ಕಟ್ಟಿ, ಒಂದು ಬಿಂದಿಗೆ ನೀರಿಟ್ಟರೆ ಅರ್ಧ ಗಂಟೆಯ ಕೆಲಸ. ನಮ್ಮ ಹೊಲದಲ್ಲಿ ಇದನ್ನು ಮಾಡಿದ್ದೇವೆ. ಇದಕ್ಕೆ ಸಬ್ಸಿಡಿ ಕಾಯಬೇಕಾಗಿಲ್ಲ.

ಹೊಲದ ಮಾತು ಬಂದದ್ದರಿಂದ, ರೈತರು ಸ್ವಲ್ಪ ಬೇಸರ ಮಾಡಿಕೊಂಡರೂ ಸರಿ, ಇನ್ನೊಂದನ್ನು ಹೇಳಿಬಿಡುತ್ತೇನೆ. ಜುಲೈ ಆಗಸ್ಟ್ ಬಂತೆಂದರೆ ಗುಂಡ್ಲುಪೇಟೆ ಸೀಮೆಯೆಲ್ಲ ಚೆಂಡು ಹೂವಿನ ಹಳದಿ. ದಾರಿಹೋಕರು ಕಾರು ನಿಲ್ಲಿಸಿ ಫೋಟೋ ತೆಗೆಯುತ್ತಾರೆ. ಆ ಹೂ ಕೀಳುವ ಹೆಂಗಸರು ಬೆಳಿಗ್ಗೆ ಆರಕ್ಕೆ ಹೊಲ ಸೇರುವುದು ಹೇಗೆಂದು ಫೋಟೋದಲ್ಲಿ ಬರುವುದಿಲ್ಲ. ಲಗೇಜ್ ಆಟೋ ಹಿಂದೆ ಹದಿನೈದು ಜನ ನಿಂತು, ಒಬ್ಬರ ಸೊಂಟ ಒಬ್ಬರು ಹಿಡಿದು. ಇಲ್ಲ, ಟ್ರ್ಯಾಕ್ಟರ್ ಟ್ರೈಲರ್‌ನಲ್ಲಿ. ಜಾಗ ಸಾಲದಿದ್ದರೆ ಇಬ್ಬರು ಟ್ರ್ಯಾಕ್ಟರಿನ ಮಡ್‌ಗಾರ್ಡ್ ಮೇಲೆ, ದೊಡ್ಡ ಚಕ್ರದ ನೇರಕ್ಕೆ. ಅವರೊಳಗೆ ಬಸುರಿಯರೂ ಇರುತ್ತಾರೆ. ಬಸುರಿ ಅಂತ ಹೇಳಿದರೆ ನಾಳೆಯಿಂದ ಕರೆಯುವುದಿಲ್ಲ ಎಂದು ಆರು ತಿಂಗಳವರೆಗೆ ಮುಚ್ಚಿಡುವವರೂ ಇದ್ದಾರೆ. ಖಾಲಿ ಗಾಡಿಗೆ ಹತ್ತಿಸಿಕೊಂಡು ಬಂದು, ಸಂಜೆ ಹೂವಿನ ಮೂಟೆಗಳ ಮೇಲೆ ಕೂರಿಸಿ ವಾಪಸ್ ಕಳಿಸುತ್ತಾರೆ.

ಸರಕು ಗಾಡಿಯಲ್ಲಿ ಜನ ಸಾಗಿಸುವುದು ಕಾನೂನಿಗೆ ವಿರುದ್ಧ ಎಂದು ಎಲ್ಲರಿಗೂ ಗೊತ್ತು, ಯಾರೂ ಲಕ್ಷ್ಯ ಕೊಡುವುದಿಲ್ಲ. ಗೊತ್ತಿಲ್ಲದ್ದು ವಿಮೆಯ ವಿಷಯ. ಸರಕು ಗಾಡಿಯಲ್ಲಿ ಸುಮ್ಮನೆ ಹತ್ತಿಸಿಕೊಂಡು ಹೋದ ಜನಕ್ಕೆ ಪೆಟ್ಟಾದರೆ, ಸತ್ತರೆ, ವಿಮಾ ಕಂಪನಿ ಹೊಣೆಯಲ್ಲ ಎಂದು ಸುಪ್ರೀಂ ಕೋರ್ಟು 2002ರಲ್ಲಿ ಆಶಾ ರಾಣಿ ಪ್ರಕರಣದಲ್ಲಿ ಹೇಳಿದೆ. ಸರಕಿನ ಮಾಲೀಕ ಅಥವಾ ಅವನ ಪ್ರತಿನಿಧಿ ಜೊತೆಯಲ್ಲಿದ್ದರೆ ಮಾತು ಬೇರೆ. ಆಮೇಲೆ ಪರಿಹಾರ ಯಾರ ಕುತ್ತಿಗೆಗೆ? ಗಾಡಿ ಮಾಲೀಕನ ಕುತ್ತಿಗೆಗೆ. ನಮ್ಮ ಕಡೆ ಗಾಡಿ ಮಾಲೀಕ ಎಂದರೆ ಎರಡು ಎಕರೆಯವನೇ, ಸಾಲದಲ್ಲಿ ಗಾಡಿ ತಂದವನೇ. ಒಂದು ಬೆಳಗಿನ ಬಾಡಿಗೆಗೆ ಆಸೆಪಟ್ಟು ಅವನು ಜಮೀನು ಕಳೆದುಕೊಳ್ಳುತ್ತಾನೆ, ಆ ಹೆಂಗಸಿನ ಮನೆ ಏನೂ ಸಿಗದೆ ಕೂರುತ್ತದೆ.

ಲೆಕ್ಕ ಹೇಳುತ್ತೇನೆ, ನಮ್ಮ ಹೊಲದ್ದೇ. ಹೂ ಕೀಳಲು ಎಂಟು ಜನ ಬರುತ್ತಾರೆ, ನಾಲ್ಕು ಕಿಲೋಮೀಟರ್ ದೂರದ ಊರಿನಿಂದ. ಲಗೇಜ್ ಆಟೋದವನು ಒಂದೇ ಸಲಕ್ಕೆ ತಂದು ಬಿಡಲು 200 ರೂಪಾಯಿ ಕೇಳುತ್ತಾನೆ. ಪ್ಯಾಸೆಂಜರ್ ಆಟೋದಲ್ಲಿ ಮೂರು ಮೂರು ಜನರಂತೆ ಮೂರು ಟ್ರಿಪ್, ಟ್ರಿಪ್ಪಿಗೆ 120, ಒಟ್ಟು 360. ವ್ಯತ್ಯಾಸ 160. ಆಳಿಗೆ 20 ರೂಪಾಯಿ ಬಿತ್ತು. ಸಂಜೆಯದ್ದೂ ಸೇರಿಸಿದರೆ 40. ಸಣ್ಣ ರೈತನಿಗೆ ದಿನಕ್ಕೆ 320 ರೂಪಾಯಿ ಸಣ್ಣ ಮಾತಲ್ಲ, ನಾನೂ ಸಣ್ಣ ರೈತಳೇ. ಆದರೆ ಸೀಸನ್ನಿನಲ್ಲಿ ಕೀಳುವ ದಿನಗಳು ಎಷ್ಟು, ಅಷ್ಟು ದಿನದ ಲೆಕ್ಕ. ಮೂರೂ ಟ್ರಿಪ್ಪಿಗೆ ಆಗದಿದ್ದರೆ ಒಂದು ಟ್ರಿಪ್ಪಾದರೂ ಪ್ಯಾಸೆಂಜರ್ ಆಟೋ ಇರಲಿ, ಬಸುರಿಯೂ ವಯಸ್ಸಾದವರೂ ಅದರಲ್ಲಿ ಬರಲಿ. ಆಟೋದಲ್ಲೂ ಡ್ರೈವರ್ ಪಕ್ಕ ಕೂರಿಸಬಾರದು, ಹಿಂದಿನ ಸೀಟಿನ ನಡುವೆ ಕೂರಬೇಕು. ಮೂರು ಚಕ್ರದ ಗಾಡಿ ಹಂಪಿನಲ್ಲಿ ಬೇಗ ಪಲ್ಟಿಯಾಗುತ್ತದೆ.

ಇನ್ನೂ ಒಂದು ದಾರಿ ಇದೆ. ಬಸುರಿಯನ್ನು ಗಾಡಿಗೇ ಹತ್ತಿಸಬೇಡಿ, ಕೆಲಸವನ್ನು ಅವಳ ಊರಿಗೆ ಕಳಿಸಿ. ಸಾಂಬಾರ ಈರುಳ್ಳಿ ಹಸನು ಮಾಡುವುದು, ಬೆಳ್ಳುಳ್ಳಿ ಬಿಡಿಸುವುದು, ಕಡ್ಲೆಕಾಯಿ ಸುಲಿಯುವುದು, ಅರಿಶಿನದ ಬಿತ್ತನೆ ಗಡ್ಡೆ ಆರಿಸುವುದು ಎಲ್ಲ ಜಗಲಿ ಮೇಲೆ ಕೂತು ಮಾಡುವ ಕೆಲಸ. ಮೂಟೆ ಹೋಗಲಿ, ಮೂಟೆ ಬರಲಿ. ಕೂಲಿ ಮಾತ್ರ ಕಡಿಮೆ ಮಾಡಬಾರದು. 'ಕೂತ್ಕಂಡ್ ಮಾಡೋ ಕೆಲ್ಸಕ್ಕೆ ಅಷ್ಟೇಕೆ?' ಎನ್ನುವ ಮಾತು ನಾನು ಕೇಳಿದ್ದೇನೆ. ಕಚೇರಿಯವರೂ ಕೂತೇ ಕೆಲಸ ಮಾಡುವುದು. ಅಂಥ ಕೆಲಸದವರಿಗೆ 1961ರ ಹೆರಿಗೆ ಸೌಲಭ್ಯ ಕಾಯಿದೆಗೆ 2017ರಲ್ಲಿ ತಿದ್ದುಪಡಿ ಬಂದು ಸಂಬಳದ ರಜೆ 26 ವಾರವಾಯಿತು. ನಮ್ಮ ಹೊಲದ ಕೂಲಿಯವಳಿಗೆ 26 ದಿನವೂ ಇಲ್ಲ. ಅವಳು ಗಾಡಿ ಹತ್ತದಿದ್ದರೆ ಅವತ್ತಿನ ಕೂಲಿ ಇಲ್ಲ, ಅದಕ್ಕೇ ಹತ್ತುತ್ತಾಳೆ.

ಇಷ್ಟು ಹೇಳಿದರೆ ನಮ್ಮೂರ ಹಿರಿಯರೊಬ್ಬರು ನಗುತ್ತಾರೆ. 'ನಮ್ಮವ್ವ ಹೊಲ್ದಲ್ಲೇ ಹೆತ್ಲು, ಸಂಜೆಗೆ ಸೊಪ್ಪು ಕುಯ್ಕೊಂಡು ಕೂಸ ಎತ್ಕೊಂಡು ಮನೆಗೆ ಬಂದ್ಲು. ಈಗಿನವ್ರದ್ದು ನಾಜೂಕು.' ಅವರ ಅವ್ವ ಗಟ್ಟಿಗಿತ್ತಿ, ಅನುಮಾನವಿಲ್ಲ. ಆದರೆ ಎಷ್ಟು ಹೆತ್ತರು, ಎಷ್ಟು ಉಳಿದವು ಎಂದು ಕೇಳಿದಾಗ ಅವರೇ ಬೆರಳು ಮಡಿಸಿ ಒಂಬತ್ತು ಎಂದರು, ನಾಲ್ಕು ಎಂದರು. ಆ ಕಾಲದವರು ನಡೆದರು, ಎತ್ತಿನ ಗಾಡಿಯಲ್ಲಿ ಹೋದರು. ನಾನೂ 1992ರಲ್ಲಿ ಮೊದಲ ಹೆರಿಗೆಗೆ ಎತ್ತಿನ ಗಾಡಿಯಲ್ಲೇ ಮೇನ್ ರೋಡಿಗೆ ಬಂದೆ, ಆಗ ಇದು ಮೈಸೂರು ಜಿಲ್ಲೆ. ಗಾಡಿ ಗಂಟೆಗೆ ಮೂರು ಮೈಲಿ. ಬಿದ್ದರೂ ಮಣ್ಣಿಗೆ ಬೀಳುತ್ತಿದ್ದೆವು. ಈಗಿನ ಹುಡುಗಿ ಅರವತ್ತರ ವೇಗದಲ್ಲಿ ಟಾರಿಗೆ ಬೀಳುತ್ತಾಳೆ. ನಾಜೂಕು ಹುಡುಗಿಯದಲ್ಲ, ಗಾಡಿ ಬದಲಾಗಿದೆ.

ಇನ್ನೊಂದು ಕಡೆಯವರು ಇದ್ದಾರೆ. ಬಸುರಿ ಅಂದ ಕೂಡಲೆ 'ಕೆಲ್ಸ ಬುಟ್ಬುಡ್ಲಿ' ಅನ್ನುವವರು. ಅಮಾವಾಸ್ಯೆಗೆ ಹೊರಗೆ ಬೇಡ, ಗ್ರಹಣಕ್ಕೆ ಬೇಡ, ಮೂರುಸಂಜೆಗೆ ಬೇಡ. ಅದೇ ಮನೆಯವರು ಅವಳನ್ನು ನೆಂಟರ ಮದುವೆಗೆ ಲಗೇಜ್ ಆಟೋದಲ್ಲಿ ಕರೆದುಕೊಂಡು ಹೋಗುತ್ತಾರೆ! ಸುಮ್ಮನೆ ಮನೆಯಲ್ಲಿ ಕೂರಿಸುವುದು ಜೋಪಾನವಲ್ಲ. ನಡೆಯುವುದು, ಮೈ ಬಗ್ಗಿಸಿ ಮನೆಗೆಲಸ ಮಾಡುವುದು ಬಸುರಿಗೆ ಒಳ್ಳೆಯದೇ. ಹುಂಡಿಯಿಂದ ಗೇಟಿನವರೆಗೆ ತಂಪು ಹೊತ್ತಿನಲ್ಲಿ ನಡೆದು ಹೋಗುವುದು ಬೈಕಿಗಿಂತ ಮೇಲು, ತಲೆ ಮೇಲೆ ಮೂಟೆ ಇಲ್ಲದಿದ್ದರೆ. ಸಂಬಳ ಕೈಯಲ್ಲಿರುವ ಹುಡುಗಿ ಕಬ್ಬಿಣದ ಮಾತ್ರೆ ಜೊತೆಗೆ ಎರಡು ಮೊಟ್ಟೆ, ಒಂದು ಹಣ್ಣು ತಾನೇ ತಂದುಕೊಳ್ಳುತ್ತಾಳೆ. ಕೆಲಸ ಬಿಡಿಸಿದರೆ ಅದಕ್ಕೂ ಮಾವನ ಮುಖ ನೋಡಬೇಕು. ಕೆಲಸ ಬಿಡಿಸುವುದಕ್ಕಿಂತ ಗಾಡಿ ಬದಲಿಸುವುದು ಅಗ್ಗ.

ಯಾವ ಗಾಡಿ, ಎಷ್ಟು ಹೊತ್ತಿಗೆ, ಎಷ್ಟು ದಿನ ಎನ್ನುವುದನ್ನು ತೀರ್ಮಾನಿಸುವವಳು ಅವಳೇ ಆಗಬೇಕು. ಈಗ ಹಾಗಿಲ್ಲ. ಮನೆಯ ಬೈಕು ಹಾಲಿಗೆ, ಮಂಡಿಗೆ, ಗಂಡಸರ ಪಂಚಾಯಿತಿಗೆ; ಮಿಕ್ಕರೆ ಅವಳಿಗೆ. ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ತಜ್ಞ ಡಾಕ್ಟರರ ಉಚಿತ ತಪಾಸಣೆ, 2016ರಿಂದ ಬಂದಿರುವ ಏರ್ಪಾಡು. ನಮ್ಮ ಮನೆಯಲ್ಲಿ ಕ್ಯಾಲೆಂಡರಿನ 9ರ ಮೇಲೆ ಕೆಂಪು ಗುರುತು. ಆ ದಿನ ಈರುಳ್ಳಿ ಮಂಡಿಗೆ ಹೋಗುವುದಿಲ್ಲ, ರೇಟು ಎಷ್ಟೇ ಇರಲಿ. ಮಗ ಮೊದಮೊದಲು ಗೊಣಗಿದ, ಈಗ ಅವನೇ ಹಿಂದಿನ ದಿನ ನೆನಪಿಸುತ್ತಾನೆ. ಚಾಮರಾಜನಗರದ ವೈದ್ಯಕೀಯ ಕಾಲೇಜಿನ ಹೊಸ ಬೋಧನಾ ಆಸ್ಪತ್ರೆ 2021ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾಗಿದೆ. ಅದು ಪೇಟೆಯಿಂದ ಹೊರಗೆ ಇದೆ. ಅಲ್ಲಿಗೆ ಹೋಗಲು ಹೇಳಿದ್ದರೆ ಬಸ್ ಸ್ಟ್ಯಾಂಡಿನಿಂದ ಮುಂದಿನ ದಾರಿಗೂ ಮೊದಲೇ ಯೋಚನೆ ಮಾಡಿಕೊಂಡು ಹೊರಡಬೇಕು. ಬಿಸಿಲಲ್ಲಿ ಇಳಿದು ಆಟೋದವನ ಜೊತೆ ಹತ್ತು ರೂಪಾಯಿಗೆ ಚೌಕಾಸಿ ಮಾಡುತ್ತಾ ನಿಲ್ಲುವುದು ಬೇಡ. ಮಾತೃವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ ಬರುವ 5,000 ರೂಪಾಯಿ ಹೆಚ್ಚಿನ ಮನೆಗಳಲ್ಲಿ ಸೀಮಂತದ ಸೀರೆಗೆ, ಊಟಕ್ಕೆ ಕರಗುತ್ತದೆ. ಆ ದುಡ್ಡನ್ನು ಅವಳ ಕೈಯಲ್ಲೇ ಬಿಡಿ. ಕೊನೆಯ ಮೂರು ತಿಂಗಳ ಆಟೋ ಬಾಡಿಗೆಗೆ ಬಹುಪಾಲು ಆಗುತ್ತದೆ.

ಇದೆಲ್ಲ ರಸ್ತೆ ಇರುವವರ ಮಾತು ಎಂಬುದೂ ನನಗೆ ಗೊತ್ತು. ನಮ್ಮದೇ ಜಿಲ್ಲೆಯ ಮಲೆ ಮಹದೇಶ್ವರ ಬೆಟ್ಟದ ದೊಡ್ಡಾಣೆಯಿಂದ 2022ರಲ್ಲಿ ಒಬ್ಬ ಬಸುರಿಯನ್ನು ಡೋಲಿ ಕಟ್ಟಿ ರಾತ್ರಿ ಕಾಡಿನಲ್ಲಿ ಹೊತ್ತು ಆಸ್ಪತ್ರೆಗೆ ಮುಟ್ಟಿಸಿದರು. ಅವರ ಮುಂದೆ ಸೀಟಿನ ಮಾತು ಸಣ್ಣದು. ಅದಕ್ಕೆಂದು ಸೀಟಿನ ಮಾತು ಬಿಡಬೇಕಾಗಿಲ್ಲ.

ನಮ್ಮ ಸ್ವಸಹಾಯ ಸಂಘದ ಹನ್ನೆರಡು ಹೆಂಗಸರು ಸಹಿ ಹಾಕಿ ಬಸ್ ಡಿಪೋಗೆ ಒಂದು ಅರ್ಜಿ ಕೊಟ್ಟಿದ್ದೇವೆ. ಕೇಳಿರುವುದು ಎರಡೇ. ಬೆಳಿಗ್ಗೆ ಎಂಟೂವರೆ ಬಸ್ಸಿನಲ್ಲಿ ಬಾಗಿಲ ಹತ್ತಿರದ ಒಂದು ಸೀಟಿನ ಮೇಲೆ 'ಬಸುರಿಯರಿಗೆ' ಎಂದು ದೊಡ್ಡದಾಗಿ ಬಣ್ಣದಲ್ಲಿ ಬರೆಸಬೇಕು, ಗುಂಡ್ಲುಪೇಟೆಯಿಂದ ಹೊರಡುವಾಗ ಅದನ್ನು ಖಾಲಿ ಇಟ್ಟುಕೊಂಡು ಬರಬೇಕು. ಪಂಚಾಯಿತಿಗೆ ಕೊಟ್ಟದ್ದು ಬೇರೆ ಅರ್ಜಿ, ಗೇಟಿನ ತಂಗುದಾಣದ ಪಕ್ಕ ಹೆಂಗಸರಿಗೆ ಒಂದು ಶೌಚಾಲಯ, ಅದಕ್ಕೆ ನೀರು. ಎರಡಕ್ಕೂ ಸೀಲು ಹಾಕಿ ಸ್ವೀಕೃತಿ ಕೊಟ್ಟಿದ್ದಾರೆ. ಸೊಸೆಗೆ ಇನ್ನು ಎರಡು ತಿಂಗಳು. ಅವಳಿಗೆ ಒದಗದಿದ್ದರೂ ಪಕ್ಕದ ಬೀದಿಯಲ್ಲಿ ಇನ್ನಿಬ್ಬರಿಗೆ ಈಗ ಮೂರನೇ ತಿಂಗಳು. ಮುಂದಿನ ಗ್ರಾಮಸಭೆಗೆ ಸ್ವೀಕೃತಿ ಚೀಟಿ ಹಿಡಿದುಕೊಂಡು ಹೋಗುತ್ತೇವೆ. ನಿಮ್ಮ ಊರಿನಲ್ಲಿ ಯಾರಾದರೂ ಇಂಥ ಸೀಟು ಬರೆಸಿದ್ದರೆ, ಯಾರಿಗೆ ಕೇಳಿದಿರಿ, ಎಷ್ಟು ದಿನ ಹಿಡಿಯಿತು ಎಂದು ಪತ್ರಿಕೆಗೆ ಬರೆಯಿರಿ.